ಎತ್ತುಗಳು ಬಂದರು

ನಮ್ಮೂರಿನಲ್ಲಿ ಹುಟ್ಟುವಾಗ ಎಲ್ಲರೂ ಅದು. ಕೂಸು ಅತ್ತಿತು, ಕೂಸು ನಕ್ಕಿತು ಎಂದು ಎಲ್ಲ ಊರುಗಳಲ್ಲೂ ಅನ್ನುತ್ತಾರಂತೆ, ಹೊರಗೆ ಹೋಗಿ ಬಂದವರು ಹೇಳುತ್ತಾರೆ. ನಮ್ಮಲ್ಲಿ ಆ ಕೂಸಿಗೆ ಮೀಸೆ ಬಂದ ಮೇಲೂ, ಅದು ಸೀರೆ ಉಟ್ಟು ಓಡಾಡತೊಡಗಿದ ಮೇಲೂ, ಪ್ರತ್ಯಯ ಆಗುವ ತನಕ ಅದು ಅದೇ. ಅದು ಬಂತು, ಅದು ಉಂಡಿತು, ಅದು ಪರೀಕ್ಷೆಯಲ್ಲಿ ಪಾಸಾಯಿತು. ಬೇರೆ ಕಡೆ ಮದುವೆ ಆಯಿತಾ ಎಂದು ಕೇಳುವಂತೆ ನಮ್ಮಲ್ಲಿ ಪ್ರತ್ಯಯ ಆಯಿತಾ ಎಂದು ಕೇಳುತ್ತಾರೆ. ಆಯಿತು ಅಂದರೆ ಗಂಡಸು ಅವನು, ಹೆಂಗಸು ಅವಳು. ಅದರ ಮೇಲಿನ ಮೆಟ್ಟಿಲು ಅವರು. ಅಲ್ಲಿಗೆ ಹತ್ತಿದವರು ಬೆರಳೆಣಿಕೆಯಷ್ಟು. ಹತ್ತಿದ ಮೇಲೆ ಯಾರೂ ಜರುಗಿ ಜಾಗ ಬಿಟ್ಟದ್ದಿಲ್ಲ.

ಪುರಸಭೆ ಕಸ ಎತ್ತುತ್ತದೆ, ನಲ್ಲಿಗೆ ನೀರು ಬಿಡುತ್ತದೆ. ಪ್ರತ್ಯಯ ಕೊಡುವುದು ಓದುಗರ ಸಂಘ. ಗ್ರಂಥಾಲಯದ ಮಹಡಿಯ ಹಾಲಿನಲ್ಲಿ ತಿಂಗಳಿಗೊಂದು ಸಂಜೆ ಸಂಘ ಸೇರುತ್ತದೆ. ಒಂದು ಪುಸ್ತಕದ ಬಗ್ಗೆ ಮಾತಾಗುತ್ತದೆ, ಪುಸ್ತಕದಲ್ಲಿ ತಿದ್ದುವುದಿದ್ದರೆ ಪೆನ್ಸಿಲಿನಲ್ಲಿ ತಿದ್ದುತ್ತಾರೆ, ಕೊನೆಯ ಅಧ್ಯಾಯವನ್ನು ತಿದ್ದಿದ ಹಾಗೆ ಗಟ್ಟಿಯಾಗಿ ಓದಿಸುತ್ತಾರೆ, ಎಲ್ಲರೂ "ಸರಿ" ಅನ್ನುತ್ತಾರೆ, ಸೀಲು ಬೀಳುತ್ತದೆ. ಸೀಲು ಬೀಳದ ಪುಸ್ತಕ ಕಪಾಟಿಗೆ ಹೋಗುವುದಿಲ್ಲ. ಅದಾದ ಮೇಲೆ ಯಾರನ್ನಾದರೂ ಏರಿಸುವುದಿದ್ದರೆ ಏರಿಸುತ್ತಾರೆ. ಹಾಲಿನಲ್ಲಿ ಅವರು ಆದವರಿಗೆ ಕುರ್ಚಿ, ಅವನು ಅವಳು ಆದವರಿಗೆ ಬೆಂಚು, ಉಳಿದವರಿಗೆ ಚಾಪೆ. ಚಾಪೆಯವರು ಕೇಳಬಹುದು, ಕುರ್ಚಿಯವರು ನಕ್ಕಾಗ ನಗಬಹುದು. ಅಭಿಪ್ರಾಯ ಹೇಳುವಂತಿಲ್ಲ.

ಜನ ಹೊಂದಿಕೊಂಡಿದ್ದಾರೆ. ತಾಯಂದಿರು ಕದ ಹಾಕಿಕೊಂಡು ಮಗಳ ತಲೆ ಬಾಚುವಾಗ ಮೆತ್ತಗೆ "ನಮ್ಮವಳು" ಅನ್ನುತ್ತಾರೆ. ಕೆರೆಯ ಏರಿಯ ಹಿಂದೆ ಪ್ರೇಮಿಗಳು ಒಬ್ಬರನ್ನೊಬ್ಬರು "ಅವರು ಬಂದ್ರು, ಅವರು ಬಂದ್ರು" ಎಂದು ಕರೆದು ನಾಚಿ ಕೆಂಪಾಗುತ್ತಾರೆ. ಒಮ್ಮೆ ಪರವೂರಿನ ಬಸ್ ಕಂಡಕ್ಟರ್ ಒಬ್ಬರು ನಮ್ಮ ಚಾಪೆಯ ಮುದುಕಿಯೊಬ್ಬರಿಗೆ "ಟಿಕೆಟ್ ತಗೊಳ್ರಮ್ಮಾ, ಎಲ್ಲಿ ಇಳೀತೀರಿ?" ಎಂದು ಕೇಳಿದ್ದಕ್ಕೆ ಆಕೆ ತಮ್ಮ ಸ್ಟಾಪಿನಲ್ಲಿ ಇಳಿಯಲೇ ಇಲ್ಲ. ಇನ್ನೊಮ್ಮೆ ಕೇಳಲಿ ಎಂದು ಮುಂದಿನ ಊರಿನವರೆಗೂ ಹೋದರು.

ಗೊಂದಲಗಳೂ ಇವೆ. ನಮ್ಮ ಅತ್ತಿಗೆ ಬೇರೆ ಊರಿನವರು. ಮದುವೆಯಾಗಿ ಬಂದ ಹೊಸದರಲ್ಲಿ ಅಣ್ಣ ಹೊಲದಿಂದ ಬಂದು "ಅದಕ್ಕೆ ಹಾಕಿದೆಯಾ?" ಎಂದು ಕೇಳಿದರು. "ಹೂಂ, ಬುಟ್ಟಿ ತುಂಬ ಹಾಕೀನಿ" ಅಂದರು ಅತ್ತಿಗೆ. ಎಮ್ಮೆ ಬೂಸಾ ತಿನ್ನುತ್ತಿತ್ತು, ನಾನು ಖಾಲಿ ತಟ್ಟೆಯ ಮುಂದೆ ಕೂತಿದ್ದೆ. ಮಾರನೇ ದಿನ "ಅದು ನೀರು ಕುಡೀತಾ?" ಎಂದು ಅಣ್ಣ ಕೇಳಿದಾಗ ಅತ್ತಿಗೆ ಪಾಪ ತಪ್ಪು ಮಾಡಬಾರದೆಂದು ಬಕೆಟ್ ಹೊತ್ತು ನನ್ನ ಮುಂದೆ ತಂದಿಟ್ಟರು. ನಾವಿಬ್ಬರೂ ಬಕೆಟ್ ನೋಡಿ ಎಷ್ಟು ನಕ್ಕೆವೆಂದರೆ ಎಮ್ಮೆ ತಿರುಗಿ ನೋಡಿತು. ಈಗ ಅತ್ತಿಗೆಗೆ ಅಭ್ಯಾಸವಾಗಿದೆ. ಈಗ ಅವರು ನಗುವುದಿಲ್ಲ.

ಈ ಕಥೆಯಲ್ಲಿ ಮನುಷ್ಯರನ್ನೆಲ್ಲ ನಾನು ಅವರು ಎಂದೇ ಬರೆಯುತ್ತಿದ್ದೇನೆ. ಊರಿನ ಲೆಕ್ಕ ಹೊರಗಿನವರಿಗೆ ತಲೆನೋವು, ಅದೊಂದು ಕಾರಣ. ಇನ್ನೊಂದು ಕಾರಣ, ನನಗೆ ಹಾಗೆ ಬರೆಯಬೇಕು ಅನ್ನಿಸಿದೆ.

ನನ್ನ ಹೆಸರು ಹೊನ್ನೂರಿ. ರವಿಕೆ ಹೊಲಿಯುತ್ತೇನೆ. ಅಣ್ಣನ ಮನೆಯ ಪಡಸಾಲೆಯಲ್ಲಿ ಮೆಷಿನು, ಮೆಷಿನಿನ ಪಕ್ಕದಲ್ಲೇ ಹಾಸಿಗೆ. ನನಗೆ ಬೇಕಾಗಿದ್ದದ್ದು ಹಿಟ್ಟಿನ ಗಿರಣಿಯ ಮೇಲಿನ ಕೋಣೆ. ರಸ್ತೆಯ ಕಡೆಗೆ ಕಿಟಕಿ, ಒಳಗಿನಿಂದ ಹಾಕಿಕೊಳ್ಳುವ ಚಿಲಕ. ಗಿರಣಿ ಓಡುವಾಗ ನೆಲ ನಡುಗುತ್ತದೆ, ಗೋಡೆಗೆಲ್ಲ ಹಿಟ್ಟು. ಇರಲಿ. ಕೋಣೆ ಖಾಲಿಯಿತ್ತು, ಬಾಡಿಗೆ ಕೊಡುವ ಶಕ್ತಿ ನನಗಿತ್ತು. ಆದರೆ ನಮ್ಮೂರಿನಲ್ಲಿ ಅದು ಆಗಿರುವವರಿಗೆ ಬೀಗದ ಕೈ ಕೊಡುವಂತಿಲ್ಲ. ಗಿರಣಿಯ ನಂಜುಂಡಿಯವರು ಹೇಳಿಬಿಟ್ಟಿದ್ದರು, "ನಂಗೇನೂ ತಕರಾರಿಲ್ಲ ಹೊನ್ನೂರಿ. ಪ್ರತ್ಯಯ ಮಾಡಿಸ್ಕೊಂಡು ಬಾ, ನಿಂತ ಕಾಲಲ್ಲಿ ಬೀಗದ ಕೈ ಕೊಡ್ತೀನಿ."

ಪ್ರತ್ಯಯ ಹತ್ತಿರ ಬಂದಿತ್ತು. ನನ್ನ ದನಿ ಗಟ್ಟಿ, ಉಚ್ಚಾರ ಸ್ಪಷ್ಟ ಎಂದು ಸಂಘದಲ್ಲಿ ಕೊನೆಯ ಅಧ್ಯಾಯ ಓದುವ ಕೆಲಸ ನನಗೆ ಕೊಟ್ಟು ಬಹಳ ಕಾಲವಾಗಿತ್ತು. ಚಾಪೆಯಿಂದ ಎದ್ದು ಹಾಲಿನ ಮಧ್ಯೆ ನಿಂತು ಓದಿ ಮತ್ತೆ ಚಾಪೆಗೆ ಹೋಗಿ ಕೂರುತ್ತಿದ್ದೆ. ಈ ಸಲ ಅಧ್ಯಕ್ಷ ಮರುಳಸಿದ್ದಪ್ಪನವರು ಕರೆದು ಹೇಳಿದರು, "ಈ ಪುಸ್ತಕವನ್ನು ತಪ್ಪಿಲ್ಲದೆ ತಿದ್ದಿ ಓದಿಬಿಡು. ಅದೇ ಸಂಜೆ ನಿನ್ನ ವಿಷಯ ತಗೋತೀನಿ."

ಪುಸ್ತಕ ದ್ಯಾಮಕ್ಕನವರದು. ದ್ಯಾಮಕ್ಕ ನಮ್ಮೂರಿನವರೇ, ಬಾಯಲ್ಲಿ ಯಾವಾಗಲೂ ಎಲೆಯಡಿಕೆ, ಎಲ್ಲರ ಬಗ್ಗೆಯೂ ಒಂದು ಮಾತು. ಒಂದು ಕಾಲದಲ್ಲಿ ಅವರಿಗೆ ಪ್ರತ್ಯಯ ಆಗಿತ್ತು. ಒಂದು ಸಭೆಯಲ್ಲಿ ಅಧ್ಯಕ್ಷರ ಮುಂದೆ "ನಿಮ್ಮ ಮನೆ ನಾಯಿ ಭಾಳ ಒಳ್ಳೆಯವನು ಬಿಡ್ರಿ, ಯಾರ್ಯಾರನ್ನ ಬೊಗಳಬೇಕು ಅಂತ ನಿಮ್ಮನ್ನ ಕೇಳಿ ಬೊಗಳ್ತಾನೆ" ಎಂದು ಹೇಳಿ ಅದನ್ನು ಕಳೆದುಕೊಂಡರು. ಅವರನ್ನು ಚಾಪೆಗೆ ಇಳಿಸಿದ್ದು ಮಾತಿನ ಎರಡನೇ ಭಾಗಕ್ಕಲ್ಲ, "ಬೊಗಳ್ತಾನೆ" ಎಂಬ ಪದಕ್ಕೆ. ಚಾಪೆಯ ಮೇಲೆ ಕೂತು ಅವರು ಒಂದು ಕಾದಂಬರಿ ಬರೆದರು. ಪರವೂರಿನಲ್ಲಿ ಅಚ್ಚು ಹಾಕಿಸಿದರು. ಹೆಸರು 'ನೊಗದವರು'.

ನಮ್ಮೂರಿನ ಹಿಂದಿನ ಗುಡ್ಡದ ಮೇಲೆ ಹಾಳು ಕೋಟೆಯಿದೆ. ಹಿಂದೆ ಅದಕ್ಕೆ ಮುತ್ತಿಗೆ ಬಿದ್ದಾಗ ನಾಯಕರು ಬಹಳ ಪರಾಕ್ರಮದಿಂದ ಕಾದಾಡಿ ಜನರನ್ನು ಹಿಂಬಾಗಿಲಿನಿಂದ ಪಾರುಮಾಡಿದರು, ಹಾಗೆ ಪಾರಾದವರು ಕಟ್ಟಿದ್ದೇ ನಮ್ಮೂರು ಎಂದು ನಾವೆಲ್ಲ ಓದಿದ್ದೇವೆ. ದ್ಯಾಮಕ್ಕನ ಕಾದಂಬರಿಯಲ್ಲಿ ನಾಯಕರು ಇದ್ದಾರೆ, ಆದರೆ ಅಷ್ಟಾಗಿ ಇಲ್ಲ. ಅದು ಫಿರಂಗಿಯನ್ನು ಗುಡ್ಡದ ಮೇಲಕ್ಕೆ ಎಳೆದ ಎತ್ತುಗಳ ಕಥೆ. ಮಾಸ, ಕೆಂದ, ಕಾರ, ಚೆನ್ನ, ಕಿವಿ ಹರಿದ ಇನ್ನೊಬ್ಬ ಮಾಸ. ಯಾರಿಗೆ ಯಾರ ಜೊತೆ ನೊಗ ಹೊರಲು ಇಷ್ಟ, ಯಾರು ಏರಿನಲ್ಲಿ ಕಳ್ಳಾಟ ಆಡುತ್ತಾರೆ, ಯಾರಿಗೆ ಫಿರಂಗಿಯ ಸದ್ದಿಗೆ ಇಡೀ ಮೈ ಅದುರುತ್ತದೆ. ಕೊನೆಗೆ ಕೋಟೆಯ ನೀರು ಬತ್ತಿದಾಗ ಅವರ ಕೊಂಬುಗಳಿಗೆ ಪಂಜು ಕಟ್ಟಿ ಮುಂಬಾಗಿಲಿನಿಂದ ಹೊರಗೆ ಓಡಿಸುತ್ತಾರೆ. ಕೆಳಗಿದ್ದ ಶತ್ರುಗಳು ಸೈನ್ಯವೇ ಇಳಿದು ಬಂತೆಂದು ಗುಂಡು ಹಾರಿಸುತ್ತಾರೆ. ಅಷ್ಟರಲ್ಲಿ ಜನ ಹಿಂಬಾಗಿಲಿನಿಂದ ಪಾರು.

ಇದನ್ನೂ ಸಂಘ ಸಹಿಸಿಕೊಳ್ಳುತ್ತಿತ್ತೇನೋ. ಆದರೆ ಮೊದಲ ಪುಟದ ಮೊದಲ ಸಾಲಿನಲ್ಲೇ ದ್ಯಾಮಕ್ಕ ಬರೆದಿದ್ದರು: "ನಾಯಕರು ಬಂದರು. ಎತ್ತುಗಳು ಬಂದರು." ಅಚ್ಚಿನ ತಪ್ಪು ಎಂದು ಎಲ್ಲರೂ ಮುಂದೆ ಹೋದರು. ಎರಡನೇ ಪುಟದಲ್ಲಿ ಎತ್ತುಗಳು ನಿಂತರು, ಮೂರನೇ ಪುಟದಲ್ಲಿ ಮೂಸಿದರು, ಸಗಣಿ ಹಾಕಿದರು. ಪುಸ್ತಕದ ಉದ್ದಕ್ಕೂ ಹಾಗೇ.

ಸಭೆಯ ಹಿಂದಿನ ದಿನ ಮಧ್ಯಾಹ್ನ ದ್ಯಾಮಕ್ಕ ರವಿಕೆಯ ಅಳತೆ ಕೊಡುವ ನೆಪದಲ್ಲಿ ಬಂದರು. ಟೇಪು ತೋಳಿಗೆ ಸುತ್ತಿದ್ದಾಗ ಹೇಳಿದರು, "ನಾಳೆ ನೀನು ತಿದ್ದೇ ಓದು."

"ಅಂದ್ರೆ?"

"ಬಂದರು ಅನ್ನೋದನ್ನ ಬಂದವು ಅನ್ನು. ಅವರು ಹೇಳಿದಂಗೆ. ರೂಮು ಹಿಡಿ. ಎತ್ತುಗಳು ಸತ್ತು ಯಾವ ಕಾಲ ಆಯ್ತೋ, ಅವರಿಗೇನು ಬೇಜಾರಿಲ್ಲ."

"ನಿನಗೆ?"

"ನಂಗೆ ತೋಳು ಸ್ವಲ್ಪ ಸಡ್ಲ ಇರ್ಲಿ" ಅಂದರು ದ್ಯಾಮಕ್ಕ. "ಕೈ ಎತ್ತಿದ್ರೆ ಹಿಡೀಬಾರ್ದು."

ಮಾರನೇ ಸಂಜೆ ಸಂಘದ ಹಾಲು ಜನರಿಂದ ತುಂಬಿತ್ತು. ಪುಸ್ತಕವನ್ನು ಪುಟಪುಟವಾಗಿ ಓದಿದವರು, ಓದಿದವರಿಂದ ಕೇಳಿದವರು, ಮಂಡಕ್ಕಿ ಮೆಣಸಿನಕಾಯಿಗೆ ಬಂದವರು. ಅಧ್ಯಕ್ಷರು ಮಧ್ಯದ ಕುರ್ಚಿಯಲ್ಲಿ. ಅವರ ಎಡಕ್ಕೆ ವ್ಯಾಕರಣದ ಶೇಷಗಿರಿ ಪಂಡಿತರು, ಕಿವಿಯ ಮೇಲೆ ಪೆನ್ಸಿಲು. ಬಲಕ್ಕೆ ಸುಲೋಚನಮ್ಮನವರು, ಕುರ್ಚಿಗೆ ಬಂದ ಒಬ್ಬರೇ ಹೆಂಗಸು, ಕರವಸ್ತ್ರ ಹಿಡಿದು ಸಿದ್ಧರಾಗಿ. ಬೆಂಚಿನಲ್ಲಿ ಅಣ್ಣ, ಅವರ ಪಕ್ಕ ನಂಜುಂಡಿಯವರು. ಚಾಪೆಯಲ್ಲಿ ನಾವು. ಪುಸ್ತಕ ಬರೆದವರು ಕಂಬಕ್ಕೆ ಒರಗಿ ಅಡಿಕೆ ಕತ್ತರಿಸುತ್ತಿದ್ದರು.

"ನಾನು ಅತ್ತುಬಿಟ್ಟೆ" ಎಂದು ಸುಲೋಚನಮ್ಮ ಶುರು ಮಾಡಿದರು. "ಆ ಕಿವಿ ಹರಿದ ಎತ್ತು ಕಲ್ಲು ನೆಕ್ಕುತ್ತಲ್ಲ, ಅಲ್ಲಿ. ಎಷ್ಟು ಪಾಪ. ಆದ್ರೆ ಅದಕ್ಕೆ ಅಷ್ಟು ಮರ್ಯಾದೆ ಕೊಟ್ಟು ಬರೆದಿರೋದ್ರಿಂದ ನನ್ನ ಅಳು ಅರ್ಧಕ್ಕೆ ನಿಂತುಹೋಯ್ತು ನೋಡಿ. ಪಾಪ ಅನ್ನಿಸಬೇಕಾದ್ರೆ ಅದು ಅದಾಗಿಯೇ ಇರಬೇಕು."

"ಸರಿಯಾಗಿ ಹೇಳಿದ್ರಿ" ಅಂದರು ಅಧ್ಯಕ್ಷರು.

ನಂಜುಂಡಿಯವರು ಬೆಂಚಿನಿಂದ ಎದ್ದರು. ಅವರು ಅವನು ಆಗಿ ಬಹಳ ವರ್ಷವಾಗಿತ್ತು, ಕುರ್ಚಿಗೆ ಅರ್ಜಿ ಹಾಕಿ ಹಾಕಿ ಸಾಕಾಗಿತ್ತು. "ನಂದೊಂದು ಪ್ರಶ್ನೆ ಐತೆ. ಎತ್ತು ಬಂದರು ಅಂತಾರೆ. ಆಯ್ತು. ಇಷ್ಟು ವರ್ಷ ಗಿರಣಿ ನಡ್ಸಿ, ಸಂಘಕ್ಕೆ ಫ್ಯಾನು ಕೊಡ್ಸಿ, ನಾನು ಬಂದ್ರೆ ಇನ್ನೂ ನಂಜುಂಡಿ ಬಂದ ಅಂತೀರಿ. ಹಂಗಾದ್ರೆ ನಾನು ಎತ್ತಿಗಿಂತ ಕಡೆನಾ?"

ಚಾಪೆಯಿಂದ ಯಾರೋ "ಎತ್ತು ಫಿರಂಗಿ ಎಳ್ದಿದ್ವಪ್ಪ, ಫ್ಯಾನಲ್ಲ" ಅಂದರು. ನಗು ಎದ್ದಿತು. ಕುರ್ಚಿಯವರು ನಕ್ಕಿರಲಿಲ್ಲವಾದ್ದರಿಂದ ಬೇಗ ಆರಿತು.

ಪಂಡಿತರು ಗಂಟಲು ಸರಿಮಾಡಿಕೊಂಡರು. ಅವರು ಕೆಟ್ಟವರಲ್ಲ. ಸುಳ್ಳು ಹೇಳಲು ಬಾರದವರು, ಅದೇ ಅವರ ತೊಂದರೆ. "ಇದರಲ್ಲಿ ಯಾರಿಗೂ ಅವಮಾನ ಇಲ್ಲ. ಪಶುಗಳು ನಪುಂಸಕಲಿಂಗ. ಬಹುವಚನದಲ್ಲಿ ಬಂದವು, ನಿಂತವು, ಸತ್ತವು. ಇಡೀ ಪುಸ್ತಕ ತಿದ್ದಿದ್ದೇನೆ. ಎರಡು ಪೆನ್ಸಿಲು ಸವೆದವು. ಹೆಸರನ್ನೂ 'ನೊಗದವು' ಎಂದು ಮಾಡಿದ್ದೇನೆ."

"ನಾವು ಪುಸ್ತಕ ಸುಡೋರಲ್ಲ" ಎಂದು ಅಧ್ಯಕ್ಷರು ಎರಡೂ ಕೈ ಚಾಚಿದರು. "ತಿದ್ದಿ ಒಳಗೆ ಇಟ್ಟುಕೊಳ್ಳೋರು. ಬರೆದದ್ದು ಇಲ್ಲೇ ಕೂತಿದೆ. ಅದಕ್ಕೇನಾದ್ರೂ ಬೇಜಾರಿದ್ಯಾ ಕೇಳಿ."

ದ್ಯಾಮಕ್ಕ ಅಡಿಕೆಯ ಹೋಳೊಂದನ್ನು ಬಾಯಿಗೆ ಹಾಕಿಕೊಂಡರು. "ಅದು ಹೆಂಗೆ ಮಾತಾಡ್ತೈತೆ, ಮೂಕಪ್ರಾಣಿ" ಅಂದರು.

ಅಧ್ಯಕ್ಷರು ಅದನ್ನು ಕೇಳಿಸಿಕೊಳ್ಳದವರಂತೆ ನನ್ನತ್ತ ತಿರುಗಿದರು. "ಇನ್ನೊಂದು ಸಂತೋಷದ ವಿಷಯ. ನಮ್ಮ ಹೊನ್ನೂರಿ ಎಷ್ಟೋ ವರ್ಷದಿಂದ ಸಂಘಕ್ಕೆ ಓದ್ತಾ ಬಂದಿದೆ. ಈ ಕೊನೆಯ ಅಧ್ಯಾಯವನ್ನು ತಿದ್ದಿ, ತಪ್ಪಿಲ್ಲದೆ ಓದಿ ಮುಗಿಸಿದರೆ, ಈ ಸಂಜೆಯಿಂದ ಅದು ಓದಿತು ಅನ್ನೋದಿಲ್ಲ. ಅವಳು ಓದಿದಳು."

ಚಪ್ಪಾಳೆ ಬಿತ್ತು. ಅಣ್ಣ ಬೆಂಚಿನಲ್ಲಿ ಹಿಗ್ಗಿ ಆಚೀಚೆ ನೋಡಿದರು. ನಂಜುಂಡಿಯವರು ಜೇಬಿನಿಂದ ಬೀಗದ ಕೈ ತೆಗೆದು ನನಗೆ ಕಾಣುವಂತೆ ಬೆರಳಿಗೆ ಸಿಕ್ಕಿಸಿಕೊಂಡರು. ಉದ್ದನೆಯ ಕಬ್ಬಿಣದ ಕೈ, ತುದಿಯಲ್ಲಿ ಹಿಟ್ಟು ಮೆತ್ತಿತ್ತು. ಓದಿದಳು. ಆ ಪದ ನನ್ನ ಮೈಮೇಲೆ ಹೊಸ ಬಟ್ಟೆಯಂತೆ ಬಿದ್ದಿತು. ಹೌದು, ಬೇಕಾಗಿತ್ತು. ಬೇಡವಾಗಿತ್ತು ಎಂದು ಯಾಕೆ ಹೇಳಲಿ.

ನಾನು ಎದ್ದು ಮಧ್ಯಕ್ಕೆ ಹೋಗಿ ನಿಂತೆ. ಪಂಡಿತರು ಪುಸ್ತಕ ಕೊಟ್ಟರು. ಪ್ರತಿ ಸಾಲಿನಲ್ಲೂ ಅಚ್ಚಾದ ಅಕ್ಷರದ ಮೇಲೆ ಪೆನ್ಸಿಲಿನ ಕೊಕ್ಕೆ, ಮೇಲೆ ಚಿಕ್ಕದಾಗಿ ವು, ವು, ವು. ನಾನು ತಿದ್ದಿದ ಹಾಗೇ ಓದಿದೆ. "ನೀರಿನ ಹೊಂಡದ ಸುತ್ತ ಎತ್ತುಗಳು ನಿಂತಿದ್ದವು. ಹೊಂಡದಲ್ಲಿ ನೀರಿರಲಿಲ್ಲ. ಆದರೂ ಅವು ದಿನವೂ ಅಲ್ಲಿಗೇ ಬಂದವು." ನನ್ನ ದನಿ ಚೆನ್ನಾಗಿತ್ತು. ಪಂಡಿತರು ತಲೆದೂಗಿದರು. ಒಂದು ಪುಟ ಮುಗಿಯಿತು, ಒಂದೂ ತಪ್ಪಿಲ್ಲ. ದ್ಯಾಮಕ್ಕ ಕಣ್ಣು ಮುಚ್ಚಿದ್ದರು. ನಿದ್ದೆಯೋ ಏನೋ ತಿಳಿಯಲಿಲ್ಲ.

ಅಷ್ಟರಲ್ಲಿ ಚಹಾ ಬಂತು. ಹೋಟೆಲಿನವರು ತಟ್ಟೆ ಹಿಡಿದು ಕುರ್ಚಿಗಳಿಗೆ ಕಪ್ಪು, ಬೆಂಚಿಗೆ ಲೋಟ ಕೊಡುತ್ತ ಹೋದರು. ನಾನು ಮುಂದಿನ ಪುಟ ತಿರುವಿದೆ. ಅಲ್ಲಿ ಮೊದಲ ವಾಕ್ಯ, "ಅವರಿಗೆ ಬಾಯಾರಿತ್ತು." ಅದರ ಮೇಲೆ ಪೆನ್ಸಿಲಿನಲ್ಲಿ, ಅವಕ್ಕೆ.

"ಅವಕ್ಕೆ ಬಾಯಾರಿತ್ತು" ಎಂದು ಓದಿದೆ.

ಸುಲೋಚನಮ್ಮನವರು ಕಣ್ಣೊರೆಸಿಕೊಂಡು, ನಿಜವಾಗಿಯೂ ಅಕ್ಕರೆಯಿಂದಲೇ, ಹೋಟೆಲಿನವರಿಗೆ ಹೇಳಿದರು, "ಅದಕ್ಕೂ ಒಂದಿಷ್ಟು ಕೊಡಪ್ಪ, ಪಾಪ, ಆಗಿನಿಂದ ಗಂಟಲು ಒಣಗಿಸ್ಕೊಂಡಿದೆ."

ಹೋಟೆಲಿನವರು ತಟ್ಟೆ ಹಿಡಿದು ಅತ್ತಿತ್ತ ನೋಡಿದರು. ಅವರೂ ಕಥೆ ಕೇಳುತ್ತಿದ್ದರು. "ಯಾವುದಕ್ಕೆ ಅಮ್ಮಾ?" ಅಂದರು.

ಯಾರೂ ನಗಲಿಲ್ಲ. ನಗುವಂಥದ್ದು ಏನೂ ಆಗಿರಲಿಲ್ಲ, ನಮ್ಮೂರಿನಲ್ಲಿ ಇದು ದಿನಾ ಆಗುವ ಮಾತು. ಆದರೆ ನನಗೆ ಮುಂದೆ ಓದಲಾಗಲಿಲ್ಲ. ಬೆರಳು ಸಾಲಿನ ಮೇಲೇ ಇತ್ತು. ಅವರಿಗೆ ಎಂದು ಓದಿದರೆ ಕೋಣೆ ಹೋಯಿತು. ಅವಕ್ಕೆ ಎಂದು ಓದಿದರೆ ಕೋಣೆ ಸಿಕ್ಕಿತು, ಮತ್ತು ಆ ಕಿಟಕಿಯಲ್ಲಿ ಕೂತು ಬದುಕಿಡೀ ನಾನು ಓದಿದ್ದು ಕೇಳುತ್ತಿರಬೇಕು. ಹಾಲಿನಲ್ಲಿ ಎಲ್ಲರೂ ನನ್ನ ಬಾಯಿ ನೋಡುತ್ತ ಕಾದಿದ್ದರು. ಪಂಡಿತರು "ಅವಕ್ಕೆ, ಅವಕ್ಕೆ, ಮುಂದಕ್ಕೆ ಹೋಗು" ಎಂದು ಮೆತ್ತಗೆ ಎತ್ತಿಕೊಟ್ಟರು.

"ನಮಗೆ ಬಾಯಾರಿತ್ತು" ಎಂದು ಓದಿದೆ.

ಪಂಡಿತರ ಪೆನ್ಸಿಲು ಕಿವಿಯಿಂದ ಕೈಗೆ ಬಂತು. ಅಲ್ಲೇ ನಿಂತಿತು.

ನಾನು ನಿಲ್ಲಿಸಲಿಲ್ಲ. ದ್ಯಾಮಕ್ಕನ ವಾಕ್ಯಗಳು ಒಂದೊಂದಾಗಿ ಬಂದವು, ನಾನು ಒಂದೊಂದನ್ನೂ ತಿದ್ದಿದೆ. "ಕೊನೆಯ ಬಾನಿಯ ನೀರನ್ನು ನಾಯಕರ ಕುದುರೆಗೆ ಇಟ್ಟರು. ನಾವು ಒದ್ದೆ ಕಲ್ಲನ್ನು ನೆಕ್ಕಿದೆವು. ಫಿರಂಗಿಯನ್ನು ಈ ಗುಡ್ಡಕ್ಕೆ ಎಳೆದು ತಂದವರು ನಾವು. ಹೆಗಲ ಮೇಲಿನ ಗಾಯ ಇನ್ನೂ ಆರಿರಲಿಲ್ಲ. ಸಂಜೆ ನಮ್ಮ ಕೊಂಬುಗಳಿಗೆ ಎಣ್ಣೆಬಟ್ಟೆ ಸುತ್ತಿದರು. ನಮ್ಮ ಹೆಸರು ಗೊತ್ತಿದ್ದವರು ಮುಖ ತಿರುಗಿಸಿಕೊಂಡರು. ಗೊತ್ತಿಲ್ಲದವರು ಗಂಟು ಬಿಗಿದರು."

ಚಾಪೆಯ ಮೇಲೆ ಏನೋ ಸದ್ದಾಯಿತು. ಕೂತಲ್ಲೇ ನೆಟ್ಟಗಾಗುವವರ ಸದ್ದು.

"ಬಾಗಿಲು ತೆರೆದಾಗ ಓಡಿ ಎಂದು ಯಾರೂ ಹೇಳಬೇಕಾಗಲಿಲ್ಲ. ತಲೆಯ ಮೇಲೆ ಬೆಂಕಿ ಇಟ್ಟುಕೊಂಡವರು ಓಡಿಯೇ ಓಡುತ್ತಾರೆ. ನಾವು ಓಡಿದೆವು. ಕೆಳಗಿನವರು ನಮ್ಮನ್ನು ಸೈನ್ಯ ಅಂದುಕೊಂಡರು. ನಮ್ಮನ್ನು ಯಾರೋ ಅಂದುಕೊಂಡದ್ದು ಅದೇ ಮೊದಲು."

"ನಿಲ್ಲಿಸು!" ಅಧ್ಯಕ್ಷರು ಎದ್ದುನಿಂತರು. ಕಪ್ಪಿನ ಚಹಾ ಪಂಚೆಗೆ ಚೆಲ್ಲಿತು. "ಇದು ಪುಸ್ತಕದಲ್ಲಿಲ್ಲ!"

"ಪುಸ್ತಕದಲ್ಲಿದ್ದಂಗೆ ಓದಬೇಡ ಅಂದವರು ನೀವೇ ಅಲ್ವಾ?" ಅಂದೆ. ಹಾಲಿನ ಮಧ್ಯೆ ನಿಂತು ನಾನು ನನ್ನದೇ ಮಾತು ಆಡಿದ್ದು ಅದೇ ಮೊದಲು, ದನಿ ಎಷ್ಟು ದೊಡ್ಡದಾಗಿ ಬಂತೆಂದು ನನಗೇ ಆಶ್ಚರ್ಯ. "ತಿದ್ದಿ ಓದು ಅಂದ್ರಿ. ತಿದ್ದಿದ್ದೀನಿ. ತಪ್ಪೆಲ್ಲಿದೆ ತೋರಿಸ್ಲಿ, ಪಂಡಿತರು ಇದಾರಲ್ಲ."

ಎಲ್ಲರೂ ಪಂಡಿತರ ಕಡೆ ನೋಡಿದರು. ಅವರು ಪೆನ್ಸಿಲಿನ ತುದಿಯಿಂದ ಹಣೆ ಕೆರೆದುಕೊಂಡರು. "ತಪ್ಪು... ವ್ಯಾಕರಣದ ಪ್ರಕಾರ ತಪ್ಪು ಇಲ್ಲ."

"ಇಲ್ಲ ಅಂದ್ರೆ ಏನ್ರೀ?" ಅಧ್ಯಕ್ಷರ ಮುಖ ಕೆಂಪಾಯಿತು. "ಎತ್ತು ಬಂದೆವು ಅನ್ನುತ್ತಾ? ಎತ್ತಿಗೆ ಬಂದೆವು ಇದೆಯಾ?"

"ಬಂದೆವು ಎಲ್ಲರಿಗೂ ಒಂದೇ. ಅದು ಉತ್ತಮ ಪುರುಷ. ಉತ್ತಮ ಪುರುಷಕ್ಕೆ ಲಿಂಗ ಇಲ್ಲ. ಅವನೂ ಇಲ್ಲ, ಅವಳೂ ಇಲ್ಲ, ಅದೂ ಇಲ್ಲ. ರಾಜರಾದರೂ ಬಂದೆ, ಎತ್ತಾದರೂ ಬಂದೆ." ಪಂಡಿತರು ಹೇಳುತ್ತ ಹೇಳುತ್ತ ತಾವೇ ಬೆರಗಾದಂತೆ ಕಂಡರು. ಎಷ್ಟೋ ವರ್ಷ ಕಲಿಸಿದ ಪಾಠವನ್ನು ಈಗ ಮೊದಲ ಸಲ ಕೇಳುತ್ತಿರುವವರ ಹಾಗೆ. "ಅಲ್ಲಿ ತಿದ್ದಲಿಕ್ಕೆ ಜಾಗವೇ ಇಲ್ಲ."

ಚಾಪೆಯಿಂದ ಒಬ್ಬರು ಮುದುಕರು, ಗಾಡಿಗೆ ಅಚ್ಚು ಹಾಕುವ ಮಲಿಯಪ್ಪನವರು, ಕೈ ಎತ್ತಿದರು. ಚಾಪೆಯಿಂದ ಕೈ ಎತ್ತುವ ರೂಢಿಯೇ ಇಲ್ಲ. "ಉತ್ತಮ ಪುರುಷ ಅಂದ್ರೆ ಯಾರು ಪಂಡಿತ್ರೆ? ಕುರ್ಚಿ ಮೇಲಿರೋರಾ?"

"ಅಲ್ಲಪ್ಪ" ಅಂದರು ಪಂಡಿತರು, ಗಮನ ಬೇರೆಲ್ಲೋ ಇದ್ದವರಂತೆ. "ನಾನು ಅಂತ ಯಾರು ಹೇಳ್ತಾರೋ ಅವರು."

ಅವರು. ಸುಳ್ಳು ಹೇಳಲು ಬಾರದವರ ಬಾಯಿಂದ ಅದು ಬಿದ್ದಿತ್ತು. ತಮ್ಮ ಬಾಯಿ ಏನು ಹೇಳಿತೆಂದು ತಿಳಿದು ಪಂಡಿತರು ತುಟಿಯ ಮೇಲೆ ಕೈ ಇಟ್ಟುಕೊಂಡರು. ಮಲಿಯಪ್ಪನವರು ಸುತ್ತ ನೋಡಿ, ಹಲ್ಲಿಲ್ಲದ ಬಾಯಲ್ಲಿ, ರುಚಿ ನೋಡುವವರಂತೆ "ನಾನು" ಅಂದರು. ಪಕ್ಕದವರು "ನಾನು" ಅಂದರು. ಬಸ್ಸಿನಿಂದ ಇಳಿಯದೆ ಹೋಗಿದ್ದ ಆ ಅಜ್ಜಿ "ನಾನೂ" ಅಂದರು. ದ್ಯಾಮಕ್ಕ ಕಣ್ಣು ತೆರೆದು ಜೋರಾಗಿ ನಕ್ಕರು. "ಇದು ನಾನು ಬರ್ದಿದ್ದಲ್ಲ ಕಣ್ರೋ. ನಾನು ಬರ್ದಿದ್ದಕ್ಕಿಂತ ಚೆನ್ನಾಗೈತೆ. ಓದೇ ಹುಡುಗಿ, ನಿಲ್ಲಿಸ್ಬೇಡ."

ಅಧ್ಯಕ್ಷರು ಬುದ್ಧಿವಂತರು. ಗದ್ದಲ ಬೆಳೆಯುವುದನ್ನು ಕಂಡು ದನಿ ತಗ್ಗಿಸಿದರು. ನನ್ನ ಹತ್ತಿರ ಬಂದು, ಕುರ್ಚಿಗಳಿಗೂ ಬೆಂಚಿಗೂ ಕೇಳುವಂತೆ ಹೇಳಿದರು, "ನೋಡಮ್ಮ ಹೊನ್ನೂರಿ. ಹುಡುಗಾಟ ಆಯ್ತು, ಬಿಡು. ಈಗಲೇ, ಈ ಕ್ಷಣವೇ ನಿನ್ನನ್ನ ಅವಳು ಅಂತ ಘೋಷಿಸ್ತೀನಿ. ಆ ಎರಡು ಪುಟ ಮಾತ್ರ ಮತ್ತೆ ಸರಿಯಾಗಿ ಓದಿಬಿಡು. ಅವು ಓಡಿದವು, ಅವು ಸತ್ತವು. ಅಷ್ಟೇ."

ಬೆಂಚಿನಿಂದ ನಂಜುಂಡಿಯವರು ಬೀಗದ ಕೈ ಅಲ್ಲಾಡಿಸಿದರು. "ಹೂಂ ಅನ್ನೇ, ಪೆದ್ದಿ. ಇಲ್ಲೇ ಐತೆ ನೋಡು."

ಅಣ್ಣ "ಹೂಂ ಅನ್ನು" ಅಂದರು. ಅವರ ಕಣ್ಣಿನಲ್ಲಿ ಬೇಡಿಕೆಯಿತ್ತು. ನನ್ನ ಮೆಷಿನಿಲ್ಲದ ಪಡಸಾಲೆ ಅವರಿಗೂ ಬೇಕಾಗಿತ್ತೇನೋ, ಅಥವಾ ತಂಗಿ ಅವಳು ಆದಳೆಂದು ಹೇಳಿಕೊಳ್ಳುವುದು.

ನನಗೆ ಕಿಟಕಿ ಕಂಡಿತು. ಚಿಲಕ ಕಂಡಿತು. ಒಳಗಿನಿಂದ ಅದನ್ನು ಹಾಕಿಕೊಂಡಾಗ ಆಗುವ ಸದ್ದು ಕೂಡ ಕೇಳಿಸಿತು.

"ಸರಿಯಾಗೇ ಓದಿದೀನಿ ಅಧ್ಯಕ್ಷರೇ" ಅಂದೆ. "ನೀವು ನನ್ನನ್ನ ಏನಂತ ಕರೀತೀರೋ ಅದು ನಿಮ್ಮ ಬಾಯಿಗೆ ಬಿಟ್ಟಿದ್ದು. ಅದು ಅನ್ನಿ, ಅವಳು ಅನ್ನಿ. ಅದನ್ನ ಕೊಡೋದು ನಿಮ್ಮ ಕೈಲಿರೋತನಕ ನನಗೆ ಬೇಡ. ಈ ನಾನು ಅನ್ನೋದನ್ನ ನೀವು ಕೊಟ್ಟಿಲ್ಲ, ಕಿತ್ಕೊಳ್ಳೋಕೂ ಆಗಲ್ಲ." ಮತ್ತೆ ಪುಸ್ತಕ ಎತ್ತಿ ಕೊನೆಯ ಸಾಲು ಓದಿದೆ. ದ್ಯಾಮಕ್ಕ ಬರೆದಿದ್ದರು, ಬೆಳಗಾದಾಗ ಎತ್ತುಗಳು ಬಯಲಿನಲ್ಲಿದ್ದರು. ನಾನು ಓದಿದೆ, "ಬೆಳಗಾದಾಗ ಬಯಲಿನಲ್ಲಿ ನಾವು ಇದ್ದೆವು."

"ಇದ್ದೆವು" ಅಂದಿತು ಚಾಪೆ.

ಅಧ್ಯಕ್ಷರು "ಸರಿ" ಅನ್ನಲಿಲ್ಲ. ಕುರ್ಚಿಯವರು ಯಾರೂ ಅನ್ನಲಿಲ್ಲ. ಪುಸ್ತಕಕ್ಕೆ ಸೀಲು ಬೀಳಲಿಲ್ಲ, ನನಗೆ ಪ್ರತ್ಯಯ ಆಗಲಿಲ್ಲ. ನಂಜುಂಡಿಯವರು ಬೀಗದ ಕೈಯನ್ನು ಜೇಬಿಗೆ ಹಾಕಿಕೊಂಡು, ನನ್ನ ಕಡೆ ನೋಡದೆ ಮೆಟ್ಟಿಲಿಳಿದು ಹೋದರು. ಮನೆಯಲ್ಲಿ ಅತ್ತಿಗೆ "ಏನಂತೆ ಅದರದ್ದು?" ಎಂದು ಕೇಳಿದರು. ಅಣ್ಣ "ಅದು ಕೆಡಿಸ್ಕೊಂತು" ಅಂದರು. ನಾನು ಹೊಸ್ತಿಲಲ್ಲಿ ಚಪ್ಪಲಿ ಬಿಡುತ್ತ "ನಾನು ಕೆಡಿಸ್ಕೊಂಡೆ" ಅಂದೆ. ಅತ್ತಿಗೆ ಬಹಳ ದಿನಗಳ ಮೇಲೆ ನಕ್ಕರು, ಸೆರಗು ಬಾಯಿಗೆ ಇಟ್ಟುಕೊಂಡು.

ಆ ಸಂಜೆಯ ನಂತರ ಊರಿನಲ್ಲಿ ಮಾತಿನ ರೀತಿ ಕೆಟ್ಟಿದೆ ಎಂದು ಸಂಘದವರು ಹೇಳುತ್ತಾರೆ. ಸಂತೆಯಲ್ಲಿ ಹೋಗಿ "ಮಲಿಯ ಎಲ್ಲಿ ಹೋಯ್ತು?" ಎಂದು ಕೇಳಿದರೆ ಸುತ್ತ ಇದ್ದವರೆಲ್ಲ "ನಾವು ಇಲ್ಲೇ ಇದ್ದೀವಿ" ಅನ್ನುತ್ತಾರೆ. ಶಾಲೆಯಲ್ಲಿ ಹಾಜರಿ ಕೂಗಿದಾಗ ಮಕ್ಕಳು ಬಂದಿದೆ ಎನ್ನುವುದನ್ನು ಬಿಟ್ಟು ಬಂದಿದ್ದೇನೆ ಅನ್ನತೊಡಗಿದ್ದಾರೆ. ಸೀಲಿಲ್ಲದ 'ನೊಗದವರು' ಕಪಾಟಿಗೆ ಹೋಗಲಿಲ್ಲವಾದ್ದರಿಂದ ಮನೆಮನೆ ಸುತ್ತುತ್ತಿದೆ. ಪಂಡಿತರ ಪೆನ್ಸಿಲಿನ ಗುರುತುಗಳನ್ನು ಯಾರೋ ರಬ್ಬರಿನಲ್ಲಿ ಉಜ್ಜಿ ತೆಗೆದಿದ್ದಾರೆ, ಕಾಗದ ಅಲ್ಲಲ್ಲಿ ತೆಳುವಾಗಿದೆ.

ಸಂಘ ಸುಮ್ಮನಿಲ್ಲ. ಚಾಪೆಯವರು ಉತ್ತಮ ಪುರುಷ ಬಳಸಬಾರದೆಂದು ನಿರ್ಣಯ ಮಾಡಲು ಕುರ್ಚಿಯವರು ಕದ ಹಾಕಿಕೊಂಡು ಕೂತರು. ನಿರ್ಣಯ ಬರೆಯಲು ಪಂಡಿತರನ್ನೇ ಕೂರಿಸಿದರು. ನಿರ್ಣಯಗಳಿಗೆಲ್ಲ ಒಂದು ಕಟ್ಟು ಇದೆ, ಮೊದಲ ಪದ ಯಾವಾಗಲೂ "ನಾವು". ನಾವು, ಓದುಗರ ಸಂಘದ ಸದಸ್ಯರು, ಈ ಮೂಲಕ. ಪಂಡಿತರು ಆ ಮೊದಲ ಪದ ಬರೆದು ಪೆನ್ಸಿಲು ಕೆಳಗಿಟ್ಟರಂತೆ. ಇದೇ ಪದ ಕೆಳಗೆ ಚಾಪೆಯವರದೂ ಆಗಿರುವುದರಿಂದ ಇದು ಯಾರ ನಿರ್ಣಯ ಎಂದು ಓದಿದವರಿಗೆ ತಿಳಿಯದು, ವ್ಯಾಕರಣ ಒಪ್ಪುವುದಿಲ್ಲ ಅಂದರಂತೆ. ಅಧ್ಯಕ್ಷರು ಬೇರೆ ಪದ ಹುಡುಕಿ ಅಂದರು. ಇನ್ನೂ ಹುಡುಕುತ್ತಿದ್ದಾರೆ.

ನನಗೆ ಕೋಣೆ ಸಿಕ್ಕಿಲ್ಲ. ಆದರೆ ದಿನವೂ ಸಂಜೆ, ಗಿರಣಿ ನಿಂತ ಮೇಲೆ, ನಾನು ಹೋಗಿ ಅದರ ಮರದ ಬಾಗಿಲು ತಟ್ಟುತ್ತೇನೆ. ಒಳಗೆ ಹಿಟ್ಟು ಗುಡಿಸುವ ಸದ್ದು ನಿಲ್ಲುತ್ತದೆ.

"ಯಾರದು?" ಎಂದು ನಂಜುಂಡಿಯವರು ಕೇಳುತ್ತಾರೆ.

"ನಾನು" ಅನ್ನುತ್ತೇನೆ.

ಅವರು ಯೋಚಿಸುತ್ತಿರುತ್ತಾರೆ, ಅದು ಬಾಗಿಲಿನ ಈಚೆಗೂ ಗೊತ್ತಾಗುತ್ತದೆ. ನಿನ್ನೆ ಜೇಬಿನಲ್ಲಿ ಕಬ್ಬಿಣ ಅಲ್ಲಾಡಿದ್ದು ಕೇಳಿಸಿತು. ಬಾಗಿಲು ತೆಗೆಯಲಿಲ್ಲ. ಈ ಸಂಜೆ ನಾನು ಇನ್ನಷ್ಟು ಗಟ್ಟಿಯಾಗಿ ತಟ್ಟಿದ್ದೇನೆ.